ಶೇಂಗಾ ಹೊಲದಲ್ಲಿ ‘ಹಿಂದುಳಿದವರು’ ಯಾರು? ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕೃಷಿ ವಿಸ್ತರಣೆಯ ಕಥೆ

ನಿಮ್ಮೂರಿಗೂ ಬಂದಿರಬಹುದು. ಕೈಯಲ್ಲಿ ಹತ್ತು ಹದಿನೈದು ಪುಟದ ಪ್ರಶ್ನೆಪಟ್ಟಿ ಹಿಡಿದ ಹುಡುಗ ಅಥವಾ ಹುಡುಗಿ, ಕೃಷಿ ಕಾಲೇಜಿನ ವಿದ್ಯಾರ್ಥಿ. ಎಕರೆಗೆ ಎಷ್ಟು ಬೀಜ ಹಾಕುತ್ತೀರಿ, ಬೀಜೋಪಚಾರ ಮಾಡುತ್ತೀರಾ, ಜಿಪ್ಸಂ ಹಾಕುತ್ತೀರಾ, ರೇಡಿಯೋ ಕೇಳುತ್ತೀರಾ, ಕೃಷಿ ಅಧಿಕಾರಿಯನ್ನು ತಿಂಗಳಿಗೆ ಎಷ್ಟು ಸಲ ಕಾಣುತ್ತೀರಿ ಎಂದು ಕೇಳಿ, ಒಂದೊಂದಕ್ಕೂ ಅಂಕ ಹಾಕಿಕೊಂಡು ಹೋಗುತ್ತಾರೆ. ಆಮೇಲೆ ಅದು ಏನಾಯಿತು ಎಂದು ಯಾರೂ ಬಂದು ಹೇಳುವುದಿಲ್ಲ. ಈ ವಿದ್ಯೆಗೆ ಕೃಷಿ ವಿಸ್ತರಣೆ ಎಂದು ಹೆಸರು. ನಮ್ಮ ಸೀಮೆಯಲ್ಲಿ ಅದು ನಡೆದು ಬಂದ ದಾರಿಯನ್ನು, ಅದರಲ್ಲಿ ನಮ್ಮ ಜನ ಎಲ್ಲಿ ಕಂಡರು, ಎಲ್ಲಿ ಕಾಣದೇ ಹೋದರು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನೆಲದ ಮಾತು. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ನವಣೆ, ಸಾಮೆ, ಸಜ್ಜೆ, ಜೋಳ, ಹುರುಳಿ ಇಲ್ಲಿನ ಹಳೆಯ ಬೆಳೆಗಳು. ಅವನ್ನು ಬದಿಗೆ ಸರಿಸಿ ಕೆಂಪು ಮಸಾರಿ ನೆಲವನ್ನೆಲ್ಲ ತುಂಬಿಕೊಂಡಿದ್ದು ಶೇಂಗಾ. ಅದರ ಬೆನ್ನಿಗೇ ಎಣ್ಣೆ ಮಿಲ್ಲುಗಳು ಬಂದವು, ಚಳ್ಳಕೆರೆಗೆ ‘ಎಣ್ಣೆ ನಗರಿ’ ಎಂಬ ಹೆಸರು ಬಂತು.

ಹಳೆ ಮೈಸೂರು ಸಂಸ್ಥಾನ ಕೃಷಿ ಸಂಶೋಧನೆಗೆ ಬೇಗ ಕೈಹಾಕಿತು. 1899ರಲ್ಲಿ ಲೆಹ್ಮನ್ ಎಂಬ ಕೃಷಿ ರಸಾಯನ ತಜ್ಞರನ್ನು ಕರೆಸಿತು. 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು, ಮುಂದೆ ಇಲಾಖೆಯ ನಿರ್ದೇಶಕರೂ ಆದರು. ಹೆಬ್ಬಾಳದಲ್ಲಿ ಕೃಷಿ ಶಾಲೆ, ನಮ್ಮ ಜಿಲ್ಲೆಗೆ ಹಿರಿಯೂರಿನ ಪಕ್ಕ ಬಬ್ಬೂರು ಫಾರಂ. ಆದರೆ ಬಬ್ಬೂರು ಇರುವುದು ವಾಣಿವಿಲಾಸ ಸಾಗರದ ಕೆಳಗೆ, ನೀರಿನ ಮಗ್ಗುಲಲ್ಲಿ. ಮೊಳಕಾಲ್ಮೂರಿನ ಬೀಳು ಹೊಲ ಅಲ್ಲಿಂದ ಬಹಳ ದೂರ, ಬರೀ ಮೈಲಿ ಲೆಕ್ಕದಲ್ಲಿ ಅಲ್ಲ.

ಸ್ವಾತಂತ್ರ್ಯ ಬಂದ ಮೇಲೆ, 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಹಳ್ಳಿಗೆ ಗ್ರಾಮಸೇವಕರು ಬಂದರು. ಗೊಬ್ಬರ, ಬೀಜ, ಸಾಕ್ಷರತೆ, ಕಕ್ಕಸು ಗುಂಡಿ, ಎಲ್ಲ ಅವರೊಬ್ಬರ ತಲೆಯ ಮೇಲೆ. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾಯಿತು. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯ ಅದಕ್ಕೆ ಜೊತೆಗಾರ. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಎಂಬುದು ಅಮೆರಿಕದ ಮಾದರಿ. ವಿಸ್ತರಣೆ ಒಂದು ಸಂಶೋಧನೆಯ ವಿಷಯವಾಗಿ ಬೆಳೆದಿದ್ದೂ ಅದೇ ಕಾಲದಲ್ಲಿ, ಅದರ ಪಠ್ಯಗಳು ಬಹುಪಾಲು ಅಲ್ಲಿಂದಲೇ ಬಂದವು.

ಅಲ್ಲಿನ ಒಂದು ಹಳೆಯ ಅಧ್ಯಯನದ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಯೋವಾ ರಾಜ್ಯದಲ್ಲಿ ರಯಾನ್ ಮತ್ತು ಗ್ರಾಸ್ ಎಂಬಿಬ್ಬರು 259 ರೈತರನ್ನು ಮಾತಾಡಿಸಿ, ಹೈಬ್ರಿಡ್ ಮೆಕ್ಕೆಜೋಳ ಒಬ್ಬರಿಂದ ಒಬ್ಬರಿಗೆ ಹೇಗೆ ಹಬ್ಬಿತು ಎಂದು ನೋಡಿದರು. 1943ರಲ್ಲಿ ಅದು ಅಚ್ಚಾಯಿತು. ಆ 259ರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಹೊಸ ಬೀಜ ಒಪ್ಪಿದ್ದರು. 1962ರಲ್ಲಿ ಎವರೆಟ್ ರೋಜರ್ಸ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ಪುಸ್ತಕ ಬರೆದರು. ಹೊಸದನ್ನು ಮೊದಲು ಹಿಡಿಯುವವರಿಂದ ಕೊನೆಗೆ ಹಿಡಿಯುವವರ ತನಕ ಜನರನ್ನು ಐದು ಗುಂಪು ಮಾಡಿದರು. ಕೊನೆಯ ಗುಂಪಿಗೆ ಇಟ್ಟ ಹೆಸರಿನ ಅರ್ಥ ‘ಹಿಂದೆ ಬಿದ್ದವರು’.

ಅಯೋವಾದ ಕಪ್ಪು ನೆಲಕ್ಕೆ ಆ ಲೆಕ್ಕ ಸರಿಯಿರಬಹುದು. ಅದನ್ನು ಹಾಗೇ ತಂದು ನಮ್ಮ ಶೇಂಗಾ ಹೊಲಕ್ಕೆ ಇಟ್ಟರೆ ಏನಾಗುತ್ತದೆ?

ಟಿಎಂವಿ-2 ತಳಿಯನ್ನೇ ತೆಗೆದುಕೊಳ್ಳಿ. ಆಗಿನ ಮದ್ರಾಸ್ ಪ್ರಾಂತ್ಯದ ತಿಂಡಿವನಂ ಕೇಂದ್ರದಿಂದ 1940ರಲ್ಲಿ ಹೊರಬಂದ ತಳಿ ಅದು. ಆಮೇಲೆ ಎಷ್ಟೋ ಹೊಸ ತಳಿಗಳು ಬಂದರೂ ನಮ್ಮ ಕಡೆ ಅರ್ಧ ಶತಮಾನಕ್ಕೂ ಮಿಕ್ಕಿ ಅದು ಹೊಲ ಬಿಡಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಇದು ರೈತನ ಹಿಂದುಳಿಕೆ. ರೈತನ ಲೆಕ್ಕ ಬೇರೆ. ಕೂರಿಗೆಯಲ್ಲಿ ರಾಗಿ ಬಿತ್ತಲು ಎಕರೆಗೆ ನಾಲ್ಕೈದು ಕಿಲೋ ಬೀಜ ಸಾಕು. ಶೇಂಗಾಕ್ಕೆ 40ರಿಂದ 50 ಕಿಲೋ ಕಾಳು ಬೇಕು. ರಾಗಿಯ ಒಂದು ಸೇರು ಹೊಸ ಬೀಜ ತಂದು ಮೂಲೆಯಲ್ಲಿ ಬಿತ್ತಿ ನೋಡಬಹುದು, ಹೋದರೆ ಹೋಯಿತು. ಶೇಂಗಾದ ಹೊಸ ತಳಿ ಎಂದರೆ ಇಡೀ ವರ್ಷದ ದುಡ್ಡನ್ನು ಮಣ್ಣಿಗೆ ಹಾಕಿ ಆಕಾಶ ನೋಡುವುದು. ಮೇಲಾಗಿ ಶೇಂಗಾ ಬೀಜ ಹೆಚ್ಚುವುದೇ ನಿಧಾನ. ರಾಗಿಯ ಹಾಗೆ ಒಂದಕ್ಕೆ ನೂರಾಗುವುದಿಲ್ಲ. ಒಳ್ಳೆ ಮಳೆ ಆದರೂ ಹತ್ತರಷ್ಟು ಆದರೆ ದೊಡ್ಡದು. ಇಲ್ಲಿ ಹಳೆ ತಳಿ ಹಿಡಿದು ಕೂತವನು ದಡ್ಡನಲ್ಲ. ಬರದ ವರ್ಷದಲ್ಲೂ ಇಷ್ಟಾದರೂ ಕಾಯಿ, ಇಷ್ಟಾದರೂ ಹೊಟ್ಟು ಸಿಗುತ್ತದೆ ಎಂದು ಗೊತ್ತಿದ್ದವನು. ಹೊಟ್ಟಿನ ಮಾತು ಸಣ್ಣದಲ್ಲ, ಅದು ಬೇಸಿಗೆಯಲ್ಲಿ ಎತ್ತಿಗೂ ಕುರಿಗೂ ಮೇವು. ಇಳುವರಿಯ ಅಂಕಿಯಲ್ಲಿ ಅದು ಕಾಣುವುದಿಲ್ಲ.

ಪ್ರಶ್ನೆಪಟ್ಟಿಯ ಅಂಕಗಳು ಕೊನೆಗೆ ಏನಾಗುತ್ತವೆ ಎಂಬುದನ್ನೂ ಹೇಳಿಬಿಡುತ್ತೇವೆ. ಕೃಷಿ ವಿಸ್ತರಣೆಯ ಪ್ರಬಂಧಗಳಲ್ಲಿ ರೈತರನ್ನು ‘ಕಡಿಮೆ, ಮಧ್ಯಮ, ಹೆಚ್ಚು’ ಎಂದು ಮೂರು ಪಾಲು ಮಾಡುವ ವಾಡಿಕೆ ಇದೆ. ಎಲ್ಲರ ಅಂಕದ ಸರಾಸರಿ ತೆಗೆದು, ಅದರಿಂದ ಇಂತಿಷ್ಟು ಕೆಳಗೆ ಇದ್ದವರು ‘ಕಡಿಮೆ ಅಳವಡಿಕೆ’, ಇಂತಿಷ್ಟು ಮೇಲಿದ್ದವರು ‘ಹೆಚ್ಚು’. ಆ ‘ಇಂತಿಷ್ಟು’ ಅನ್ನುವುದು ಸಾಮಾನ್ಯವಾಗಿ ಗಣಿತದಲ್ಲಿ ಮಾನಕ ವಿಚಲನೆ ಎನ್ನುವುದರ ಅರ್ಧ. ಅಂಕಗಳು ಸಹಜವಾಗಿ ಹರಡಿಕೊಂಡಿದ್ದರೆ ಈ ಲೆಕ್ಕದಲ್ಲಿ ನೂರಕ್ಕೆ ಸುಮಾರು 31 ಜನ ಯಾವಾಗಲೂ ‘ಕಡಿಮೆ’ಗೇ ಬೀಳುತ್ತಾರೆ. ಇಡೀ ಊರು ಮುಂದುವರಿದರೂ 31, ಇಡೀ ಊರು ಏನೂ ಮಾಡದಿದ್ದರೂ 31. ‘ಮೂರನೇ ಒಂದು ಭಾಗ ರೈತರಲ್ಲಿ ಅಳವಡಿಕೆ ಕಡಿಮೆ ಇದೆ’ ಎಂಬ ವಾಕ್ಯ ಎಲ್ಲಾದರೂ ಓದಿದರೆ, ಅದರಲ್ಲಿ ರೈತನ ಪಾಲೆಷ್ಟು, ಸೂತ್ರದ ಪಾಲೆಷ್ಟು ಎಂದು ಕೇಳಿಕೊಳ್ಳಿ. ಹಾಗಂತ ಆ ಅಧ್ಯಯನಗಳೆಲ್ಲ ವ್ಯರ್ಥ ಎನ್ನುತ್ತಿಲ್ಲ. ಅವುಗಳ ಕೊನೆಯಲ್ಲಿ ‘ರೈತರು ಹೇಳಿದ ತೊಂದರೆಗಳು’ ಎಂದೊಂದು ಪಟ್ಟಿ ಇರುತ್ತದೆ: ಮಳೆ ಕೈಕೊಟ್ಟಿತು, ಬೀಜ ಹೊತ್ತಿಗೆ ಸಿಗಲಿಲ್ಲ, ಕೂಲಿ ಆಳು ಇಲ್ಲ, ಬೆಲೆ ಇಲ್ಲ. ನಮಗೆ ಕೇಳಿದರೆ ಓದಬೇಕಾದ ಪುಟ ಅದೇ.

1970ರ ದಶಕದ ಕೊನೆಗೆ ವಿಶ್ವಬ್ಯಾಂಕಿನ ನೆರವಿನಲ್ಲಿ ‘ತರಬೇತಿ ಮತ್ತು ಭೇಟಿ’ ಪದ್ಧತಿ ಬಂತು. ಇಸ್ರೇಲಿನ ಡೇನಿಯಲ್ ಬೆನೋರ್ ರೂಪಿಸಿದ್ದು. ಕೃಷಿ ಸಹಾಯಕರು ಗೊತ್ತು ಮಾಡಿದ ದಿನ, ಹದಿನೈದು ದಿನಕ್ಕೊಮ್ಮೆ, ಊರಿನ ‘ಸಂಪರ್ಕ ರೈತ’ರನ್ನು ಕಾಣಬೇಕು. ಅವರು ಉಳಿದವರಿಗೆ ದಾಟಿಸಬೇಕು. ನೀರಾವರಿ ಸೀಮೆಗೆ ಹೇಳಿ ಮಾಡಿಸಿದ ಹಾಗಿತ್ತು. ನಮ್ಮ ಕಡೆ ಆರಿದ್ರ ಮಳೆ ಬರದೆ ಬಿತ್ತನೆಯೇ ಆಗಿಲ್ಲದಿರುವಾಗ ‘ಈ ಪಕ್ಷದಲ್ಲಿ ಎಡೆಕುಂಟೆ ಹೊಡೆಯಿರಿ’ ಎಂಬ ಸಂದೇಶ ಬಂದರೆ ಏನು ಮಾಡುವುದು? ಸಂಪರ್ಕ ರೈತ ಯಾರಾಗಿರುತ್ತಿದ್ದರು ಎಂಬುದನ್ನು ನಾವು ಹೇಳಬೇಕಿಲ್ಲ. ರಸ್ತೆ ಬದಿಯ ಹೊಲ, ಕೂರಿಸಲು ಕುರ್ಚಿ ಇದ್ದ ಮನೆ.

ಇನ್ನು ಹೆಂಗಸರ ಮಾತು. ಕಳೆ ತೆಗೆಯುವುದು, ಗಿಡದಿಂದ ಕಾಯಿ ಬಿಡಿಸುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಬಿತ್ತನೆ ಕಾಯಿಯನ್ನು ಮಿಷನ್ನಿಗೆ ಕೊಟ್ಟರೆ ಕಾಳಿನ ಸಿಪ್ಪೆ ಹರಿದು ಮೊಳಕೆ ಕೆಡುತ್ತದೆ. ಅದಕ್ಕೇ ಅದನ್ನು ಕೈಯಲ್ಲೇ ಸುಲಿಯಬೇಕು. ಸುಲಿದು, ಜೊಳ್ಳು, ಮುದುರಿದ್ದು, ಹುಳ ಹಿಡಿದದ್ದು ಆರಿಸುವವರು ಯಾರು? ಅಂದರೆ ಬೀಜದ ಗುಣ ತೀರ್ಮಾನವಾಗುತ್ತಿದ್ದುದು ಪಡಸಾಲೆಯಲ್ಲಿ, ಹೆಂಗಸರ ಬೆರಳಲ್ಲಿ. ಬೀಜೋಪಚಾರದ ಪಾಠ ಮಾತ್ರ ದಶಕಗಟ್ಟಲೆ ಗಂಡಸರಿಗೆ, ಕಟ್ಟೆಯ ಮೇಲೆ ನಡೆಯಿತು.

ಇದನ್ನು ಸರ್ಕಾರಿ ಮಟ್ಟದಲ್ಲಿ ಕಂಡುಕೊಂಡಿದ್ದು ಕರ್ನಾಟಕವೇ, ದೇಶದಲ್ಲಿ ಮೊದಮೊದಲಿಗೆ. 1982ರಲ್ಲಿ ಡೆನ್ಮಾರ್ಕಿನ ಡ್ಯಾನಿಡಾ ನೆರವಿನಿಂದ ರೈತ ಮಹಿಳೆ ಮತ್ತು ಯುವಜನರ ತರಬೇತಿ ಯೋಜನೆ ಶುರುವಾಯಿತು. ಇಲಾಖೆಯವರ ಬಾಯಲ್ಲಿ ಅದು ‘ವೈಟೆಪ್’. ಸಣ್ಣ ಹಿಡುವಳಿಯ ಮನೆಯ ಹೆಂಗಸರನ್ನು ಹತ್ತು ದಿನ ತರಬೇತಿ ಕೇಂದ್ರದಲ್ಲಿ ಇರಿಸಿಕೊಂಡು, ಮಹಿಳಾ ಅಧಿಕಾರಿಗಳೇ ಕಲಿಸುತ್ತಿದ್ದರು. ಹತ್ತು ದಿನ ಮನೆ, ಮಗು, ದನ ಬಿಟ್ಟು ಬರುವುದು ಆಗ ಸುಲಭವಿತ್ತೇ? ಇದೇ ಮಾದರಿ ಆಮೇಲೆ ತಮಿಳುನಾಡು, ಒಡಿಶಾ, ಮಧ್ಯಪ್ರದೇಶಕ್ಕೆ ಹೋಯಿತು. ಮೊಳಕಾಲ್ಮೂರಿನಂಥ ಗಡಿ ತಾಲ್ಲೂಕಿನಲ್ಲಿ ಇನ್ನೊಂದು ತೊಡಕೂ ಇತ್ತು. ಎಷ್ಟೋ ಮನೆಗಳ ಒಳಮಾತು ತೆಲುಗು, ಕರಪತ್ರದ ಭಾಷೆ ಪುಸ್ತಕದ ಕನ್ನಡ.

ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ವಾಸವಿದ್ದು ಕಲಿಯಬೇಕು ಎಂಬ ನಿಯಮವೂ ಆ ಕಾಲದ್ದೇ. ರಾಂಧಾವ ಸಮಿತಿ ಶಿಫಾರಸು ಮಾಡಿದ ಗ್ರಾಮೀಣ ಕೃಷಿ ಕಾರ್ಯಾನುಭವ ಮೊದಲು ಶುರುವಾಗಿದ್ದು ಪಕ್ಕದ ಆಂಧ್ರದಲ್ಲಿ. ಈಗ ಎಲ್ಲ ಕಡೆ ಇದೆ. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ ಕೆರೆ, ಹಳ್ಳ, ಕೇರಿ ಗುರುತಿಸುವುದನ್ನು ನೋಡಿರುತ್ತೀರಿ. ಪ್ರಶ್ನೆಪಟ್ಟಿಯಲ್ಲಿ ವಿದ್ಯಾರ್ಥಿ ಕೇಳುತ್ತಾನೆ, ಊರವರು ಉತ್ತರ ಹೇಳುತ್ತಾರೆ. ನಕ್ಷೆಯಲ್ಲಿ ಕಡ್ಡಿ ಹಿಡಿಯುವುದು ಊರವರು, ಸುಮ್ಮನೆ ನಿಂತು ನೋಡುವುದು ವಿದ್ಯಾರ್ಥಿ. ಎರಡರಲ್ಲಿ ಇದು ನಮಗೆ ಹೆಚ್ಚು ಹಿಡಿಸಿತು.

1986ರಲ್ಲಿ ಎಣ್ಣೆಕಾಳು ಮಿಷನ್ ಬಂದಾಗ ಶೇಂಗಾಕ್ಕೆ ಎಲ್ಲಿಲ್ಲದ ಮರ್ಯಾದೆ. 1990ರ ದಶಕದಲ್ಲಿ ಹೊರದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆದ ಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚತೊಡಗಿದವು. ಇಷ್ಟು ದೊಡ್ಡ ಪೆಟ್ಟಿಗೆ ‘ಅಳವಡಿಕೆ’ಯ ಪ್ರಶ್ನೆಪಟ್ಟಿಯಲ್ಲಿ ಒಂದು ಕಾಲಂ ಕೂಡ ಇರಲಿಲ್ಲ.

2000ದ ಹೊತ್ತಿಗೆ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಬಂತು. 2009ರಲ್ಲಿ ಭೂಚೇತನ ಶುರುವಾದಾಗ ಮೊದಲ ಆರು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಇತ್ತು. ಇಕ್ರಿಸ್ಯಾಟ್ ವಿಜ್ಞಾನಿಗಳು ಮಣ್ಣು ಪರೀಕ್ಷಿಸಿ ಸತು, ಬೋರಾನ್, ಗಂಧಕದ ಕೊರತೆ ಇದೆ ಎಂದರು. ಅದನ್ನು ಹೇಳಲು ಊರಿನವರನ್ನೇ ‘ರೈತ ಅನುವುಗಾರ’ರನ್ನಾಗಿ ನೇಮಿಸಿದರು, ಗೊಬ್ಬರವನ್ನು ಸಹಾಯಧನದಲ್ಲಿ ಹೋಬಳಿಯಲ್ಲೇ ಕೊಟ್ಟರು. ‘ಹಿಂದುಳಿದವರು’ ಎನಿಸಿಕೊಂಡ ಅದೇ ಜನ ಜಿಪ್ಸಂ ಚೀಲಕ್ಕೆ ಸಾಲು ನಿಂತರು. ಗಡಿಯಾಚೆಯ ಕದಿರಿ ಸಂಶೋಧನಾ ಕೇಂದ್ರದ ಶೇಂಗಾ ತಳಿಗಳೂ ಹೀಗೇ, ಇಲಾಖೆಯ ಚೀಲದಲ್ಲಿ ಬಂದಷ್ಟೇ ನೆಂಟರ ಮನೆಯ ಚೀಲದಲ್ಲೂ ಬಂದವು.

ಒಂದು ಗಂಟು ಮಾತ್ರ ಇನ್ನೂ ಬಿಚ್ಚಿಲ್ಲ. 2007ರ ರಾಷ್ಟ್ರೀಯ ರೈತ ನೀತಿ ಕೂಲಿಯವರು, ಗೇಣಿದಾರರು, ಕುರಿ ಸಾಕುವವರು ಎಲ್ಲರನ್ನೂ ರೈತರೆಂದೇ ಕರೆಯಿತು. ಆದರೆ ಸಹಾಯಧನದ ಬೀಜಕ್ಕೆ ಹೋದರೆ ಫ್ರೂಟ್ಸ್ ಐಡಿ ಕೇಳುತ್ತಾರೆ, ಐಡಿಗೆ ಪಹಣಿ ಬೇಕು. ಪಹಣಿಯಲ್ಲಿ ಗಂಡನ ಹೆಸರು, ಇಲ್ಲವೇ ತೀರಿಹೋದ ಮಾವನ ಹೆಸರು. ಗಂಡ ಬೆಂಗಳೂರಿಗೆ ದುಡಿಯಲು ಹೋಗಿ, ಹೊಲ ಪೂರ್ತಿ ತಾನೇ ನೋಡಿಕೊಳ್ಳುವ ಹೆಂಗಸು ಕಂಪ್ಯೂಟರಿನಲ್ಲಿ ರೈತಳಲ್ಲ. ನಿಮ್ಮ ಮನೆಯ ಪಹಣಿಯೂ ಹೀಗಿದ್ದರೆ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬಹುದು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಜೊತೆಗಿರಲಿ, ಬಿತ್ತನೆ ಶುರುವಾಗುವ ಮೊದಲೇ ಹೋಗಿ ಬನ್ನಿ.