ಬೀಸುವಕಲ್ಲು, ತೊಟ್ಟಿಲು, ಓದಿಸಿದ ಸಕ್ಕರೆ: ಹುಬ್ಬಳ್ಳಿ ಪರಿಸರದ ಮುಸ್ಲಿಂ ತಾಯಂದಿರ ನಂಬಿಕೆಯ ಚರಿತ್ರೆ

ಶಿಶುನಾಳ ಶರೀಫರ (1819–1889) ಚರಿತ್ರೆಯನ್ನು ನಿರೂಪಿಸುವ ಬರಹಗಳು ಸಾಮಾನ್ಯವಾಗಿ ಒಂದು ಹರಕೆಯಿಂದ ಆರಂಭವಾಗುತ್ತವೆ. ಮಕ್ಕಳಿಲ್ಲದ ಇಮಾಮಸಾಹೇಬ ಮತ್ತು ಹಜ್ಜೂಮಾ ದಂಪತಿಗಳು ಹುಲಗೂರಿನ ಖಾದರಶಾವಲಿಗೆ ನಡೆದುಕೊಂಡು ಮಗನನ್ನು ಪಡೆದರೆಂಬುದು ಪ್ರತೀತಿ. ಅಲ್ಲಿಂದ ಮುಂದೆ ಕಥೆ ಗುರು ಗೋವಿಂದಭಟ್ಟರ ಕಡೆಗೆ ಹೊರಳುತ್ತದೆ. ತಾಯಿ ಮತ್ತೆ ಕಾಣಿಸಿಕೊಳ್ಳುವುದು ವಿರಳ. ಕುಂದಗೋಳದಿಂದ ಬಂದ ಪತ್ನಿ ಫಾತಿಮಾಳದೂ ಇದೇ ಗತಿ. ಆಕೆ ಹೆತ್ತ ಹೆಣ್ಣುಮಗುವಿನ ಸಾವು, ಬಳಿಕ ಆಕೆಯದೇ ಸಾವು, ಇವು ಒಂದೆರಡು ವಾಕ್ಯಗಳಲ್ಲಿ ಮುಗಿದು ಶರೀಫರ ವೈರಾಗ್ಯಕ್ಕೆ ಪೀಠಿಕೆಯಾಗುತ್ತವೆ. ಒಬ್ಬಳು ಸಂತನನ್ನು ಹೆರಲು ಬೇಕಾದಳು, ಇನ್ನೊಬ್ಬಳು ಸಂತನನ್ನು ಸಂಸಾರದಿಂದ ಬಿಡಿಸಲು ಬೇಕಾದಳು. ಅವರಿಬ್ಬರ ನಂಬಿಕೆ ಏನಾಗಿತ್ತು, ಅದನ್ನು ಅವರು ದಿನದ ಯಾವ ಕೆಲಸದಲ್ಲಿ ಬದುಕುತ್ತಿದ್ದರು ಎಂಬ ಪ್ರಶ್ನೆ ಚರಿತ್ರೆಕಾರರಿಗೆ ಎದುರಾದಂತಿಲ್ಲ.

ಈ ಮೌನಕ್ಕೆ ಆಕರಗಳ ಕೊರತೆಯೊಂದೇ ಕಾರಣವಲ್ಲ. ಧಾರ್ಮಿಕತೆಯನ್ನು ಅಳೆಯುವ ಮಾನದಂಡವೂ ಕಾರಣ. ಹುಬ್ಬಳ್ಳಿಯ ಕೇಶ್ವಾಪುರದಂತಹ ಬಡಾವಣೆಯಲ್ಲಿ ಮುಸ್ಲಿಮರ ಧಾರ್ಮಿಕ ಬದುಕನ್ನು ಗುರುತಿಸಹೊರಟವರು ಮೊದಲು ನೋಡುವುದು ಮಸೀದಿಯನ್ನು, ಶುಕ್ರವಾರದ ಸಾಲುಗಳನ್ನು. ಈ ಭಾಗದ ರೂಢಿಯಲ್ಲಿ ಆ ಸಾಲಿನಲ್ಲಿ ಹೆಂಗಸರಿಲ್ಲ. ಹೆರಿಗೆಯ ನಂತರವಂತೂ ಹನಫಿ ಶಾಸ್ತ್ರದ ಪ್ರಕಾರ ಗರಿಷ್ಠ 40 ದಿನಗಳವರೆಗೆ ಬಾಣಂತಿಗೆ ನಮಾಜು, ಉಪವಾಸಗಳೂ ಇಲ್ಲ. ಆದರೆ ಇದೇ 40 ದಿನಗಳ ‘ಚಿಲ್ಲಾ’ ಅವಧಿಯಲ್ಲಿಯೇ ಮನೆಯ ಒಳಭಾಗ ಆಚರಣೆಗಳಿಂದ ತುಂಬಿರುತ್ತದೆ. ವಿಧಿಬದ್ಧ ಆರಾಧನೆ ನಿಂತಿರುವ ಹೊತ್ತಿನಲ್ಲಿಯೇ ಹೆಣ್ಣಿನ ನಂಬಿಕೆ ಅತ್ಯಂತ ಕ್ರಿಯಾಶೀಲವಾಗಿರುತ್ತದೆ ಎಂಬ ಈ ಸಂಗತಿ ಗಮನಾರ್ಹವಾದುದು.

ತಾಯಂದಿರ ಮೂಲಕ ನಂಬಿಕೆ ಹರಿದುಬಂದ ಬಗೆಗೆ ನಮ್ಮಲ್ಲಿರುವ ಮಹತ್ವದ ಆಕರವೆಂದರೆ ವಿಜಾಪುರದ ಸೂಫಿಗಳ ದಖನಿ ಸಾಹಿತ್ಯ. ಚರಿತ್ರಕಾರ ರಿಚರ್ಡ್ ಈಟನ್ 1974ರ ಒಂದು ಲೇಖನದಲ್ಲಿ ಹಾಗೂ 1978ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇದರ ವಿವರವಾದ ವಿವೇಚನೆ ನಡೆಸಿದ್ದಾರೆ. ಮೀರಾಂಜಿ ಶಮ್ಸುಲ್ ಉಶ್ಶಾಖ್, ಬುರ್ಹಾನುದ್ದೀನ್ ಜಾನಮ್, ಅಮೀನುದ್ದೀನ್ ಆಲಾ ಅವರ ಚಿಶ್ತಿ ಪರಂಪರೆಗೆ ಸೇರಿದ, ಹೆಚ್ಚಾಗಿ 17ನೆಯ ಶತಮಾನದ ಈ ರಚನೆಗಳಲ್ಲಿ ಬೀಸುವಾಗ ಹಾಡುವ ‘ಚಕ್ಕಿನಾಮಾ’, ನೂಲುವಾಗಿನ ‘ಚರಖಾನಾಮಾ’, ತೊಟ್ಟಿಲು ತೂಗುವಾಗಿನ ‘ಲೋರಿನಾಮಾ’ ಎಂಬ ಪ್ರಕಾರಗಳಿವೆ. ಬೀಸುವಕಲ್ಲಿನ ಹಿಡಿಗೂಟವನ್ನು ಅರಬ್ಬಿಯ ನೆಟ್ಟನೆಯ ಮೊದಲ ಅಕ್ಷರ ಅಲಿಫ್‌ಗೆ, ಅದರ ಮೂಲಕ ಅಲ್ಲಾಹನ ನಾಮಕ್ಕೆ, ನಡುವಿನ ಕೀಲನ್ನು ಪ್ರವಾದಿಗೆ ಹೋಲಿಸುವ ಹಾಡುಗಳು ಇಲ್ಲಿ ದೊರೆಯುತ್ತವೆ. ಅಕ್ಷರ ಬಾರದ ತಾಯಿಯೊಬ್ಬಳು ನಸುಕಿನಲ್ಲಿ ಜೋಳ ಬೀಸುತ್ತ ಅಲಿಫ್‌ನ್ನು ಕೈಯಲ್ಲಿ ಹಿಡಿದಿರುತ್ತಾಳೆ. ಮಡಿಲಲ್ಲಿ ಮಲಗಿದ ಮಗು ಕಲಿಮೆಯನ್ನು ಮೌಲವಿಯಿಂದ ಕೇಳುವುದಕ್ಕೆ ಮುಂಚೆ ಕಲ್ಲಿನ ಸದ್ದಿನೊಂದಿಗೆ ಕೇಳಿರುತ್ತದೆ. ಗ್ರಾಮೀಣ ದಖ್ಖನ್ನಿನಲ್ಲಿ ಇಸ್ಲಾಂ ಬೇರೂರಿದ್ದು ಕತ್ತಿಯಿಂದಲೂ ಅಲ್ಲ, ಗಹನವಾದ ಸೂಫಿ ತತ್ವದಿಂದಲೂ ಅಲ್ಲ, ಮನೆಗೆಲಸದ ಈ ಲಯದಿಂದ, ನಿಧಾನವಾಗಿ ಎಂಬ ಈಟನ್ನರ ವಾದ ಒಪ್ಪತಕ್ಕದ್ದು. ಆದರೆ ಅವರ ಆಧಾರ ಮುಖ್ಯವಾಗಿ ಹಸ್ತಪ್ರತಿಗಳು. ಸೂಫಿಗಳು ಹೆಂಗಸರಿಗೆ ಏನನ್ನು ಕೊಟ್ಟರು ಎಂಬುದು ಅವುಗಳಿಂದ ತಿಳಿಯುತ್ತದೆ. ಹೆಂಗಸರು ಅದಕ್ಕೆ ತಮ್ಮದೇನನ್ನು ಸೇರಿಸಿದರು ಎಂಬುದು ತಿಳಿಯುವುದಿಲ್ಲ. ಬೀಸುವ ಹಾಡು ಸೂಫಿಗಳ ಸೃಷ್ಟಿಯಲ್ಲ. ಅದು ಮೊದಲೇ ಇದ್ದ ಹೆಂಗಸರ ಹಾಡು. ಸೂಫಿಗಳು ಅದರ ಧಾಟಿಯನ್ನು ಕಡ ಪಡೆದರು ಎನ್ನುವುದೇ ಹೆಚ್ಚು ಸರಿಯಾದೀತು.

ಈ ಕೆಲಸವನ್ನು ಜಾನಪದ ಸಂಗ್ರಾಹಕರು ಮಾಡಬೇಕಿತ್ತು. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಬೀಸುವಕಲ್ಲಿನ ಮುಂದೆ ಕುಳಿತ ಕನ್ನಡದ ತಾಯಿಗೆ ಸಾಹಿತ್ಯದಲ್ಲಿ ಸ್ಥಾನ ದೊರಕಿತು. ಆ ಬಳಗದಲ್ಲಿ ಪಿ. ಧೂಲಾಸಾಹೇಬರೂ ಇದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಆದರೆ ಪಕ್ಕದ ಓಣಿಯಲ್ಲಿ ಅದೇ ಜೋಳವನ್ನು ಅದೇ ಬಗೆಯ ಕಲ್ಲಿನಲ್ಲಿ ಬೀಸುತ್ತ ದಖನಿಯಲ್ಲಿ ಹಾಡುತ್ತಿದ್ದವಳ ಕಡೆಗೆ ಕನ್ನಡ ಸಂಗ್ರಾಹಕರ ಗಮನ ಅಷ್ಟಾಗಿ ಹರಿಯಲಿಲ್ಲ. ಉರ್ದು ವಿದ್ವಾಂಸರ ಪಾಲಿಗೆ ಅದು ಹಳ್ಳಿಗರ ಒರಟು ನುಡಿ. ಕನ್ನಡ ವಿದ್ವಾಂಸರ ಪಾಲಿಗೆ ಪರಭಾಷೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಹುಬ್ಬಳ್ಳಿ ಸೀಮೆಯಲ್ಲಿ ಹತ್ತಿ ಹಿಂಜುವ, ಗಾದಿ ತುಂಬುವ ಪಿಂಜಾರ–ನದಾಫರ ಅನೇಕ ಮನೆಗಳ ಮಾತು ಕನ್ನಡವೇ. ಅವರ ಜೋಗುಳಗಳಿಗೆ ಈ ಭಾಷೆಯ ಅಡ್ಡಿ ಇರಲಿಲ್ಲ. ಅಲ್ಲಿ ಅಡ್ಡಿಯಾದದ್ದು ನಮ್ಮ ವರ್ಗೀಕರಣ.

ಜನನ ಸಂಬಂಧಿ ಆಚರಣೆಗಳ ಮಟ್ಟಿಗೆ 1832ರಲ್ಲಿ ಪ್ರಕಟವಾದ ‘ಕಾನೂನ್–ಎ–ಇಸ್ಲಾಂ’ ಉಪಯುಕ್ತ ಆಕರ. ಹರ್ಕ್ಲಾಟ್ಸ್ ಎಂಬ ವೈದ್ಯನ ಕೋರಿಕೆಯಂತೆ ಜಾಫರ್ ಶರೀಫ್ ದಖ್ಖನ್ ಮುಸ್ಲಿಮರ ಪದ್ಧತಿಗಳನ್ನು ದಾಖಲಿಸಿದ ಗ್ರಂಥವಿದು. ಬಸುರಿಯ ಏಳನೆಯ ತಿಂಗಳ ‘ಸತ್ವಾಸಾ’, ಆರನೆಯ ದಿನದ ‘ಛಟ್ಟಿ’, 40ನೆಯ ದಿನದ ಚಿಲ್ಲಾ, ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗಿನ ‘ಬಿಸ್ಮಿಲ್ಲಾ’ ಇವೆಲ್ಲ ಅದರಲ್ಲಿ ಬರುತ್ತವೆ. ಧಾರವಾಡ ಸೀಮೆಯ ಓದುಗರಿಗೆ ಸತ್ವಾಸಾದ ಜೊತೆಗೆ ಕುಬಸ, ಛಟ್ಟಿಯ ಜೊತೆಗೆ ಹಣೆಬರಹ ಬರೆಯುವ ಶೆಟವಿತಾಯಿ ತಾನಾಗಿ ನೆನಪಾಗುತ್ತವೆ. ಇದನ್ನು ಯಾರು ಯಾರಿಂದ ಪಡೆದರು ಎಂಬ ಚರ್ಚೆಗಿಂತ, ಹಸಿ ಮೈಯ ತಾಯಿಗೆ ಕೂಸು ಉಳಿದೀತೇ ಎಂಬ ಭಯ ಎಲ್ಲ ಮನೆಗಳಲ್ಲಿಯೂ ಒಂದೇ ಆಗಿತ್ತೆಂಬುದು ಮುಖ್ಯ. ಕೂಸಿನ ಕಿವಿಯಲ್ಲಿ ಬಾಂಗು ಕೂಗುವವನು ಸಾಮಾನ್ಯವಾಗಿ ಗಂಡಸು. ಉಳಿದುದೆಲ್ಲ ಸೂಲಗಿತ್ತಿಯ, ಅಜ್ಜಿಯ, ನೆರೆಹೊರೆಯ ಹೆಂಗಸರ ಕೈಯಲ್ಲಿತ್ತು. ಬೀಬಿ ಫಾತಿಮಾಳ ಹೆಸರಿನಲ್ಲಿ ಹೆಂಗಸರೇ ಕೂಡಿ ಉಣ್ಣುವ ‘ಸಹನಕ್’ ಊಟಕ್ಕಂತೂ ಗಂಡಸರಿಗೆ ಪ್ರವೇಶವೇ ಇರಲಿಲ್ಲ. ಜ್ವರ ಬಂದ ಕೂಸಿಗೆ ‘ಸಕ್ಕರೆ ಓದಿಸುವ’ ಪದ್ಧತಿ ಉತ್ತರ ಕರ್ನಾಟಕದಲ್ಲಿ ಎಲ್ಲ ಜಾತಿಯ ತಾಯಂದಿರಿಗೂ ಪರಿಚಿತ. ಆ ನುಡಿಗಟ್ಟು ಕನ್ನಡದ್ದೇ ಆಗಿಹೋಗಿದೆ.

ಮೊಹರಂ ಇದರ ಬಹಿರಂಗ ರೂಪ. ಕನ್ನಡದ ರಿವಾಯತ್ ಪದಗಳಲ್ಲಿ ಕರ್ಬಲಾ ಯುದ್ಧದ ರಾಜಕೀಯಕ್ಕಿಂತ ನೀರಿಲ್ಲದೆ ಬಳಲಿದ ಹಸುಗೂಸು ಅಸಗರ, ಮಕ್ಕಳನ್ನು ಕಳೆದುಕೊಂಡವರ ಅಳಲು ಹೆಚ್ಚು ಜಾಗ ಪಡೆಯುತ್ತವೆ. ಹಾಡುವವರು ಗಂಡಸರಾದರೂ ದುಃಖದ ಭಾಷೆ ತಾಯಿಯದು. ಮಗು ಬದುಕಿದರೆ ಅದನ್ನು ಮೊಹರಮಿನಲ್ಲಿ ಫಕೀರನನ್ನಾಗಿ ಮಾಡುತ್ತೇನೆಂದು ಹರಕೆ ಹೊರುವುದು ಜಾಫರ್ ಶರೀಫರ ಕಾಲದಲ್ಲಿಯೇ ಇತ್ತು. (ಫಕ್ಕೀರಪ್ಪ, ಫಕ್ಕೀರವ್ವ ಎಂಬ ಹೆಸರುಗಳನ್ನೆಲ್ಲ ಇದೇ ಹರಕೆಗೆ ತಳುಕು ಹಾಕುವುದು ಅವಸರವಾದೀತು; ಶಿರಹಟ್ಟಿಯ ಫಕೀರೇಶ್ವರ ಮಠದ ಪ್ರಭಾವವೂ ಅಲ್ಲಿದೆ.)

ಈ ಲೋಕ ಪ್ರಶ್ನಾತೀತವಾಗಿ ಉಳಿಯಲಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಅಶ್ರಫ್ ಅಲಿ ಥಾನವಿ ಅವರು ಹೆಣ್ಣುಮಕ್ಕಳಿಗಾಗಿಯೇ ಬರೆದ ‘ಬಿಹಿಶ್ತಿ ಜೇವರ್’ ಮದುವಣಗಿತ್ತಿಯರಿಗೆ ಕೊಡುವ ಉಡುಗೊರೆಯಾಗಿ ಭಾರತದಾದ್ಯಂತ ಹರಡಿತು. ಅದು ಇಂತಹ ಬಹುಪಾಲು ಆಚರಣೆಗಳನ್ನು ಶಾಸ್ತ್ರವಿರೋಧಿಯೆಂದು ಖಂಡಿಸಿತು. ಜೊತೆಗೆ ಹೆಣ್ಣು ಓದಲೇಬೇಕೆಂದು ಹೇಳಿತು. ಜಾನಪದ ವಿದ್ವಾಂಸರು ಮೊದಲನೆಯದಕ್ಕೆ ಮರುಗಿ ಎರಡನೆಯದನ್ನು ಮರೆಯುವುದುಂಟು. ಛಟ್ಟಿಯನ್ನು ಕೈಬಿಟ್ಟ ತಾಯಿ ಮಗಳಿಗೆ ತಾನೇ ಕುರಾನ್ ಓದಿಸಬಲ್ಲವಳಾದದ್ದನ್ನು ಬರೀ ನಷ್ಟವೆಂದು ಲೆಕ್ಕ ಹಾಕುವುದು ನ್ಯಾಯವಲ್ಲ.

ಸುಧಾರಣೆಗಿಂತ ಹೆಚ್ಚು ಪರಿಣಾಮ ಮಾಡಿದ್ದು ದುಡಿಮೆಯ ಬದಲಾವಣೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಗೂ ಅದರ ಕಾರ್ಯಾಗಾರ ಹುಬ್ಬಳ್ಳಿಗೆ ಬಂದ ಮೇಲೆ ಊರ ರೂಪವೇ ಬದಲಾಯಿತು. ರೈಲ್ವೆ ವಸತಿಗಳಿಗೆ ಹತ್ತಿಕೊಂಡ, ಚರ್ಚು, ಗುಡಿ, ಮಸೀದಿಗಳ ನಡುವೆ ಹಲವು ಭಾಷೆಯ ಕುಟುಂಬಗಳಿರುವ ಕೇಶ್ವಾಪುರ ಆ ಬದಲಾವಣೆಯ ಒಂದು ಮಾದರಿ. ಕಾರ್ಖಾನೆಯ ಪಾಳಿಗೆ ಹೊಂದಿಕೊಂಡ ಮನೆಯಲ್ಲಿ ನಸುಕಿನ ಬೀಸುವಿಕೆಗೆ ಅವಕಾಶವಿಲ್ಲ. ಹಿಟ್ಟಿನ ಗಿರಣಿ ಓಣಿಗೆ ಬಂದೊಡನೆ ಚಕ್ಕಿಯ ಹಾಡು ತನ್ನ ಕಲ್ಲನ್ನು ಕಳೆದುಕೊಂಡಿತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಆರಂಭವಾದ ಬಳಿಕ ಹೆರಿಗೆ ಕ್ರಮೇಣ ಸೂಲಗಿತ್ತಿಯ ಕೈಯಿಂದ ಆಸ್ಪತ್ರೆಗೆ ಸರಿಯಿತು. ಕೂಸುಗಳು ಹೆಚ್ಚು ಉಳಿದವು. ಕೂಸು ಉಳಿಯಲೆಂದು ಹುಟ್ಟಿದ ಆಚರಣೆಗಳ ಒತ್ತಡ ಕಡಿಮೆಯಾಯಿತು. ಹರಕೆ ಮಾತ್ರ ಕಡಿಮೆಯಾಗಲಿಲ್ಲ. ಅದು ಪರೀಕ್ಷೆಗೆ, ನೌಕರಿಗೆ, ಮಗಳ ಮದುವೆಗೆ ವರ್ಗವಾಯಿತು.

2022ರ ಡಿಸೆಂಬರಿನಲ್ಲಿ ಹುಬ್ಬಳ್ಳಿ–ಧಾರವಾಡ ತ್ವರಿತ ಬಸ್ ಸಂಚಾರ ಯೋಜನೆಗಾಗಿ ಭೈರಿದೇವರಕೊಪ್ಪದ ದರ್ಗಾ ತೆರವುಗೊಂಡಾಗ ನ್ಯಾಯಾಲಯದ ವಾದಗಳು, ರಸ್ತೆಯ ಅಳತೆ, ಪೊಲೀಸ್ ಬಂದೋಬಸ್ತು ಇವು ಕಾಗದಪತ್ರಗಳಲ್ಲಿ ಸೇರಿದವು. ಅಂತಹ ಸ್ಥಳಗಳಲ್ಲಿ ಮಕ್ಕಳ ಹೆಸರಿನಲ್ಲಿ ದಾರ ಕಟ್ಟಿದವರ ಲೆಕ್ಕ ಯಾವ ಕಡತದಲ್ಲಿಯೂ ಬರುವುದಿಲ್ಲ. ಚಕ್ಕಿಯ ಹಾಡನ್ನು ತಾಯಿಯ ಬಾಯಿಂದ ಕೇಳಿದ ಪೀಳಿಗೆ ಈಗ ಮುಪ್ಪಿನಲ್ಲಿದೆ. ಅವರ ದಖನಿಯನ್ನು ಕನ್ನಡ ಲಿಪಿಯಲ್ಲಿ, ಹಾಡಿದವಳ ಊರು, ಕಸುಬು, ಹೆತ್ತ ಮತ್ತು ಕಳೆದುಕೊಂಡ ಮಕ್ಕಳ ವಿವರದೊಂದಿಗೆ ಬರೆದುಕೊಳ್ಳುವ ಕೆಲಸಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಿಲ್ಲ. ಅಂಗಳ ದಾಟಿ ಅಡುಗೆಮನೆಯವರೆಗೆ ಹೋಗಬಲ್ಲ ಸಂಗ್ರಾಹಕಿಯರು ಬೇಕು.