ವಿಧೇಯಕದ ಕರಡು ರಚನೆ: ವಿದ್ಯಾರ್ಥಿಗಳಿಗೆ ಮಾಹಿತಿ

ವಿಧೇಯಕದ ಕರಡು ರಚನೆಯನ್ನು ಅಭ್ಯಸಿಸುವ ಕಾನೂನು ವಿದ್ಯಾರ್ಥಿಗಳು, ಆಯ್ದ ವಿಷಯದ ಬಗ್ಗೆ ರಾಜ್ಯ ವಿಧಾನಮಂಡಲಕ್ಕೆ ಶಾಸನಾಧಿಕಾರ ಇದೆಯೇ ಎಂಬುದನ್ನು ಸಂವಿಧಾನದ 7ನೇ ಅನುಸೂಚಿಯಲ್ಲಿ ಮೊದಲು ಪರಿಶೀಲಿಸತಕ್ಕದ್ದು. 2022ರ ಜುಲೈನಲ್ಲಿ ಹುಬ್ಬಳ್ಳಿ ಸಮೀಪದ ತಾರಿಹಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಕಾರ್ಮಿಕರು ಮೃತಪಟ್ಟರು. ಇಂತಹ ಕಾರ್ಮಿಕರ ಸುರಕ್ಷತೆಗಾಗಿ ವಿಧೇಯಕ ರಚಿಸುವುದಾದಲ್ಲಿ, ಕಾರ್ಮಿಕ ಕಲ್ಯಾಣವು ಸಮವರ್ತಿ ಪಟ್ಟಿಗೆ ಸೇರಿದ ವಿಷಯವಾಗಿರುತ್ತದೆ. ಯಾವುದೇ ಉಪಬಂಧವು ಸಂಸತ್ತಿನ ಕಾಯ್ದೆಗೆ ವಿರುದ್ಧವಾಗಿದ್ದಲ್ಲಿ, 254ನೇ ಅನುಚ್ಛೇದದ ಮೇರೆಗೆ ರಾಷ್ಟ್ರಪತಿಯವರ ಅನುಮತಿ ದೊರೆತ ಹೊರತು ಅದು ಆ ಮಟ್ಟಿಗೆ ಊರ್ಜಿತವಾಗದು.

ಪರಿಭಾಷೆಗಳ ಖಂಡಕ್ಕೆ ಹೆಚ್ಚಿನ ಗಮನ ಅಗತ್ಯ. ‘ಕಾರ್ಮಿಕ’ ಪದದ ಪರಿಭಾಷೆಯು ಗುತ್ತಿಗೆಯವರನ್ನೂ ದಿನಗೂಲಿಯವರನ್ನೂ ಒಳಗೊಳ್ಳದಿದ್ದರೆ, ಅಪಾಯಕ್ಕೆ ಮೊದಲು ಸಿಲುಕುವವರೇ ರಕ್ಷಣೆಯಿಂದ ಹೊರಗುಳಿಯುತ್ತಾರೆ. ಕರಡಿನೊಂದಿಗೆ ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆಯನ್ನು, ವೆಚ್ಚ ತಗಲುವುದಾದಲ್ಲಿ ಆರ್ಥಿಕ ಜ್ಞಾಪನ ಪತ್ರವನ್ನು ಲಗತ್ತಿಸತಕ್ಕದ್ದು.