ಮೞೆ, ಮಳೆ ಮತ್ತು ತಿದ್ದುವವನ ಹೊಣೆ

ವಿರಾಜಪೇಟೆಯಿಂದ ಇರಿಟ್ಟಿಯತ್ತ ಇಳಿಯುವ ಘಟ್ಟದ ಹಾದಿಯಲ್ಲಿರುವ ಮಾಕುಟ್ಟ ಕೊಡಗಿನ ಗಡಿಯೂರು. ಅಲ್ಲಿನ ಕಾಡಿನ ಮೇಲೆ ಸುರಿಯುವ ಮಳೆಗೆ ಗಡಿಯಿಲ್ಲ. ಅದರ ಹೆಸರಿಗೆ ಮಾತ್ರ ಇದೆ. ಕನ್ನಡದಲ್ಲಿಯೂ ಕೊಡವ ನುಡಿಯಲ್ಲಿಯೂ ಅದು ‘ಮಳೆ’. ಗಡಿಯಾಚೆಯ ಮಲಯಾಳದಲ್ಲಿ ‘ಮೞ’. ಹಳಗನ್ನಡದ ರೂಪ ‘ಮೞೆ’. ಕನ್ನಡವು ಕಳೆದುಕೊಂಡ ೞಕಾರವನ್ನು ನೆರೆಯ ನುಡಿ ಇಂದಿಗೂ ಉಳಿಸಿಕೊಂಡಿದೆ.

ಈ ಅಕ್ಷರದ ಇತಿಹಾಸವು ಭಾಷೆಯನ್ನು ತಿದ್ದುವವರ ಇತಿಹಾಸವೂ ಹೌದು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸುವ ಹೊತ್ತಿಗೆ ೞ, ಳಗಳ ಭೇದ ಮಸುಕಾಗತೊಡಗಿತ್ತು. ವ್ಯಂಜನದ ಹಿಂದೆ ಬಂದ ೞಕಾರದ ದಾರಿ ಬೇರೆಯೇ ಆಗಿತ್ತು: ‘ಎೞ್ದು’ ಎಂಬುದು ‘ಎರ್ದು’ ಆಗಿ, ಕಡೆಗೆ ‘ಎದ್ದು’ ಆಯಿತು. ಸೂಕ್ತಿಸುಧಾರ್ಣವದ ಮಲ್ಲಿಕಾರ್ಜುನನ ಮಗನೂ ಜನ್ನನ ಸೋದರಳಿಯನೂ ಆದ ಕೇಶಿರಾಜ ಬರಿಯ ನಿಯಮ ಹೇಳಿ ಸುಮ್ಮನಾಗಲಿಲ್ಲ. ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿದನು. ಸೂತ್ರಕ್ಕೆ ವೃತ್ತಿ ಬರೆದು, ಕವಿಗಳ ಪ್ರಯೋಗಗಳನ್ನು ಸಾಕ್ಷಿಯಾಗಿ ನಿಲ್ಲಿಸಿದನು. ಬರೆಯುವವನ ಸಂದೇಹಕ್ಕೆ ಉತ್ತರವೀಯುವ ಕೈಪಿಡಿ ಎಂದೂ ಅದನ್ನು ಓದಬಹುದು.

ಆದರೆ ಲಿಪಿಕಾರರು ತಮ್ಮ ಕಾಲದ ಉಚ್ಚಾರಣೆಯಂತೆ ಬರೆದರು. ಓಲೆಯಿಂದ ಓಲೆಗೆ ಸಾಗುವಾಗ ‘ಮೞೆ’ ‘ಮಳೆ’ಯಾಯಿತು. ಈ ಪ್ರತಿಗಳು ಅಚ್ಚಿನ ಮನೆಗೆ ಬಂದಾಗ ಸಂಪಾದಕನ ಮುಂದೆ ಕಠಿನವಾದ ಪ್ರಶ್ನೆ ಎದ್ದಿತು: ಇರುವುದನ್ನು ಮುದ್ರಿಸಬೇಕೆ, ಇದ್ದಿರಬೇಕಾದುದನ್ನೆ?

ಮಂಗಳೂರಿನಲ್ಲಿ 1848ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಮುಂದೆ ಕೊಡಗಿನಲ್ಲಿ ನೆಲೆಸಿ, 1855ರಲ್ಲಿ ಆ ನಾಡಿನ ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಪ್ರಕಟಿಸಿದನು. 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಎರಡು ಮಹತ್ತ್ವದ ಗ್ರಂಥಗಳು ಹೊರಬಂದವು: ಕಿಟೆಲ್ ಸಂಪಾದಿಸಿದ ‘ಶಬ್ದಮಣಿದರ್ಪಣ’ ಮತ್ತು ಗುಂಡರ್ಟನ ಮಲಯಾಳ–ಇಂಗ್ಲಿಷ್ ನಿಘಂಟು. ಒಂದರಲ್ಲಿ ೞಕಾರವು ಶಾಸ್ತ್ರದ ನೆನಪು, ಇನ್ನೊಂದರಲ್ಲಿ ನಾಲಗೆಯ ಮೇಲಿನ ಬದುಕು. ಕಿಟೆಲ್ ತನ್ನ 1894ರ ನಿಘಂಟಿನಲ್ಲಿಯೂ ೞ, ಱಗಳನ್ನು ಕೈಬಿಡಲಿಲ್ಲ.

ಹಾಗೆಂದು ಎಲ್ಲೆಡೆಯೂ ೞಕಾರವನ್ನು ಮರಳಿ ಸ್ಥಾಪಿಸುವುದು ಸಾಧುವಲ್ಲ. ಹಳಗನ್ನಡ ಪದ್ಯದಲ್ಲಿ ದ್ವಿತೀಯಾಕ್ಷರ ಪ್ರಾಸವು ಮೂಲರೂಪಕ್ಕೆ ಸಾಕ್ಷಿ ನುಡಿದರೆ ತಿದ್ದುಪಡಿಗೆ ಆಧಾರವಿದೆ. ಶಾಸನದಲ್ಲಿ ಹಾಗಲ್ಲ, ಅಲ್ಲಿ ‘ಮಳೆ’ ಎಂದು ಕಂಡರೆ ಅದೇ ಭಾಷಾಪರಿವರ್ತನೆಯ ದಾಖಲೆ. ಅದನ್ನು ‘ಶುದ್ಧಗೊಳಿಸಿ’ದ ಸಂಪಾದಕನು ಇತಿಹಾಸದ ಒಂದು ಪುರಾವೆಯನ್ನೇ ಅಳಿಸಿದಂತಾಗುತ್ತದೆ. ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವ ಕ್ರಮದ ಬೆಲೆ ಇಲ್ಲಿದೆ: ತಿದ್ದಿದವನು ತಪ್ಪಿದ್ದರೆ, ಮುಂದಿನವನಿಗೆ ಹಿಂದಿರುಗಲು ದಾರಿಯಿರುತ್ತದೆ.

ಇದೇ ವಿವೇಕವು ನಮ್ಮ ಕಾಲದಲ್ಲಿ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣದಲ್ಲಿ ಸಾಮಾನ್ಯ ಓದುಗರಿಗೂ ದೊರೆಯಿತು. 1991ರಲ್ಲಿ ‘ಪ್ರಜಾವಾಣಿ’ಯಲ್ಲಿ ಆರಂಭವಾದ ಅದರಲ್ಲಿ ಓದುಗರು ಪದಗಳ ರೂಪ, ಅರ್ಥ, ಪ್ರಯೋಗಗಳನ್ನು ಕುರಿತು ಕೇಳಿದರು, ನಿಘಂಟುಕಾರರು ಉತ್ತರಿಸಿದರು. ಪ್ರಶ್ನೆ–ಉತ್ತರಗಳ ಆ ರೂಪ ಹೊಸತು. ಪ್ರಯೋಗವನ್ನು ಪ್ರಮಾಣವಾಗಿಸುವ ಕ್ರಮ ಕೇಶಿರಾಜನಷ್ಟು ಹಳೆಯದು.

ಕರಡು ತಿದ್ದುವ ಕೈಗೆ ನಿಯಮ ತಿಳಿದಿದ್ದರೆ ಸಾಲದು. ಯಾವ ಕಾಲದ, ಯಾವ ಬಗೆಯ ಬರಹ ಎದುರಿಗಿದೆ ಎಂಬುದೂ ತಿಳಿದಿರಬೇಕು. ‘ಮೞೆ’ಯೂ ಸರಿ, ‘ಮಳೆ’ಯೂ ಸರಿ. ಒಂದರ ಜಾಗದಲ್ಲಿ ಇನ್ನೊಂದನ್ನು ಸದ್ದಿಲ್ಲದೆ ಕೂರಿಸುವುದು ಮಾತ್ರ ತಪ್ಪು.